‘ಅಸಹಜ’ ಅಂದರೆ ಹುಚ್ಚು ಅಂತಲೇ ಅರ್ಥನಾ?

ಸಿಂಧನೂರಿನ ತಾಲೂಕು ಕಚೇರಿ ಹತ್ತಿರ ಕೂತು ಜನರಿಗೆ ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಪಿಂಚಣಿ, ಪಹಣಿ ತಿದ್ದುಪಡಿ, ಅಂಗವಿಕಲರ ಕಾರ್ಡು, ಹೀಗೆ ಎಲ್ಲದಕ್ಕೂ ಬರುತ್ತಾರೆ. ಈಚೆಗೆ ಒಬ್ಬ ರೈತರು ಬಂದರು. ಅಂಗಿ ಜೇಬಿನಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ರೇಷನ್ ಕಾರ್ಡು, ಅದರ ನಡುವೆ ನಾಲ್ಕು ಮಡಿಕೆಯ ಒಂದು ಚೀಟಿ. ಮಗನ ಶಾಲೆಯಿಂದ ಬಂದದ್ದು. ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ವಿದ್ಯಾರ್ಥಿಯ ವರ್ತನೆ ಅಸಹಜವಾಗಿರುತ್ತದೆ. ಪೋಷಕರು ಗಮನಿಸುವುದು.’

“ಅಣ್ಣಾರ, ಅಸಹಜ ಅಂದ್ರ ಏನ್ರಿ? ನಮ್ ಹುಡುಗನ್ನ ಹುಚ್ಚ ಅಂತ ಬರ್ದಾರಂತ ಮಂದಿ ಅಂತಾರ” ಅಂದರು. ಚೀಟಿ ಬಂದು ಮೂರು ದಿನ ಆಗಿತ್ತು. ಮೂರು ದಿನದಿಂದ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ.

ಎಂಟು ವರ್ಷದ ಹುಡುಗ ಅಪ್ಪನ ಪಕ್ಕದಲ್ಲೇ ನಿಂತಿದ್ದ. ಕೈಯಲ್ಲಿ ಸೋಡಾ ಬಾಟಲಿಯ ಮುಚ್ಚಳಗಳು. ನನ್ನ ಟೇಬಲ್ಲಿನ ಅಂಚಿಗೆ ಅವನ್ನು ಒಂದೊಂದಾಗಿ ಸಾಲಾಗಿ ಜೋಡಿಸುತ್ತಿದ್ದ. ರಸ್ತೆಯಲ್ಲಿ ಲಾರಿ ಹಾರ್ನ್ ಹಾಕಿದ ತಕ್ಷಣ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡ. ಲಾರಿ ಹೋದ ಮೇಲೆ ಮತ್ತೆ ಮುಚ್ಚಳ ಜೋಡಿಸಲು ಶುರು ಮಾಡಿದ.

ಆ ಒಂದು ಪದ ಒಂದು ಮನೆಯನ್ನು ಮೂರು ದಿನ ಕಂಗೆಡಿಸಿತ್ತು. ಆಸ್ಪತ್ರೆಯ ಚೀಟಿ, ಶಾಲೆಯ ವರದಿ, ಪೇಪರಿನ ಸುದ್ದಿ, ಎಲ್ಲೆಡೆ ಇದು ಕಣ್ಣಿಗೆ ಬೀಳುತ್ತದೆ. ಹಾಗಾಗಿ ಸ್ವಲ್ಪ ಸಾವಧಾನವಾಗಿ ಇದನ್ನು ಬಿಚ್ಚಿ ನೋಡೋಣ.

ಪದದೊಳಗೆ ಏನಿದೆ

‘ಸಹಜ’ ಸಂಸ್ಕೃತದಿಂದ ಬಂದ ಪದ. ‘ಸಹ’ ಅಂದರೆ ಜೊತೆ. ‘ಜ’ ಅಂದರೆ ಹುಟ್ಟಿದ್ದು. ಕೆಸರಲ್ಲಿ ಹುಟ್ಟಿದ್ದು ಪಂಕಜ, ನಂತರ ಹುಟ್ಟಿದವನು ಅನುಜ, ಅದೇ ‘ಜ’ ಇದು. ಹಾಗಾದರೆ ಸಹಜ ಅಂದರೆ ಜೊತೆಗೇ ಹುಟ್ಟಿದ್ದು, ಹುಟ್ಟುಗುಣ. ‘ಹುಟ್ಟುಗುಣ ಸುಟ್ಟರೂ ಹೋಗದು’ ಅಂತೀವಲ್ಲ, ಅದು.

ಬಳಸುತ್ತಾ ಬಳಸುತ್ತಾ ಅರ್ಥ ಜಾರಿತು. ‘ನನ್ನ ಜೊತೆ ಹುಟ್ಟಿದ್ದು’ ಅನ್ನುವುದು ‘ಎಲ್ಲರಲ್ಲೂ ಕಾಣುವಂಥದ್ದು’ ಅಂತಾಯಿತು. “ಈ ವಯಸ್ಸಿಗೆ ಇದೆಲ್ಲ ಸಹಜ ಬಿಡ್ರಿ” ಅಂದಾಗ ನಾವು ಹೇಳುವುದು ಆ ಎರಡನೇ ಅರ್ಥವನ್ನೇ. ಅದರ ಮುಂದೆ ‘ಅ’ ಸೇರಿದರೆ ‘ಎಲ್ಲರಲ್ಲೂ ಕಾಣದ್ದು’. ಪದ ಹೇಳುವುದು ಅಷ್ಟೇ. ಕೆಟ್ಟದ್ದು ಅಂತಲೂ ಇಲ್ಲ, ರೋಗ ಅಂತಲೂ ಇಲ್ಲ.

ಹುಡುಗ ಯಾವಾಗಿನಿಂದ ಹೀಗೆ ಅಂತ ಕೇಳಿದೆ. “ಕೂಸಿದ್ದಾಗಿಂದನೂ ಸಪ್ಪಳ ತಡಕೊಳ್ಳಲ್ರಿ” ಅಂದರು ಅಪ್ಪ. ಅಂದರೆ ಪದದ ಬೇರಿನ ಪ್ರಕಾರ ನೋಡಿದರೆ ಅವನ ನಡವಳಿಕೆ ಅವನಿಗೆ ಸಹಜವೇ. ಅವನ ಜೊತೆಗೇ ಹುಟ್ಟಿದ್ದು. ಉಳಿದ ಮಕ್ಕಳ ಪಕ್ಕ ನಿಲ್ಲಿಸಿದಾಗ ಮಾತ್ರ ಅದು ಅಸಹಜ.

ಈ ಪದ ತೀರ್ಪಲ್ಲ, ತನಿಖೆಯ ಶುರು ಅನ್ನುವುದಕ್ಕೆ ಇನ್ನೊಂದು ಉದಾಹರಣೆ ಪೊಲೀಸ್ ಸುದ್ದಿಯಲ್ಲೇ ಸಿಗುತ್ತದೆ. ಹೊಲದಲ್ಲಿ ಹಾವು ಕಚ್ಚಿ ಯಾರಾದರೂ ಸತ್ತರೆ ‘ಅಸಹಜ ಸಾವು’ ಅಂತ ದಾಖಲಾಗುತ್ತದೆ. ಕೊಲೆ ಅಂತ ಅದರ ಅರ್ಥವಲ್ಲ. ಹೇಗಾಯಿತು ಅಂತ ನೋಡಬೇಕು ಅಂತ ಅರ್ಥ. ರಕ್ತ ಪರೀಕ್ಷೆಯ ವರದಿಯಲ್ಲಿ ಒಂದು ಅಂಕಿಯ ಪಕ್ಕ ಗುರುತು ಹಾಕಿರುತ್ತಾರೆ, ಗಮನಿಸಿದ್ದೀರಾ? ಆ ಅಂಕಿ ಸಾಮಾನ್ಯ ಮಿತಿಯ ಹೊರಗಿದೆ ಅಂತ ಆ ಗುರುತು ಹೇಳುತ್ತದೆ. ಯಾಕೆ ಅಂತ ಹೇಳಬೇಕಾದವರು ಡಾಕ್ಟರು.

ಯಾರ ಅಳತೆ, ಯಾವ ಜಾಗ

ಅಸಹಜ ಅಂದಾಗ ಮೊದಲು ಕೇಳಬೇಕಾದ್ದು: ಯಾರಿಗೆ ಹೋಲಿಸಿ? ಎಲ್ಲಿ?

ರಾಯಚೂರು ಜಿಲ್ಲೆಯ ಮುದಗಲ್ ಮೊಹರಂ ನಾಡಿಗೇ ಹೆಸರಾದದ್ದು. ನಮ್ಮ ಹಳ್ಳಿಗಳಲ್ಲೂ ಆ ದಿನಗಳಲ್ಲಿ ಮೈಗೆ ಬಣ್ಣ ಬಳಿದು ಹುಲಿವೇಷ ಹಾಕಿ ಕುಣಿಯುತ್ತಾರೆ, ಕೆಂಡ ಹಾಯುತ್ತಾರೆ. ಯಾರೂ ಹುಬ್ಬೇರಿಸುವುದಿಲ್ಲ. ಹರಕೆ ಅಂತ ಕೈ ಮುಗಿಯುತ್ತಾರೆ. ಅದೇ ಮನುಷ್ಯ ಮುಂದಿನ ವಾರ ಅದೇ ಬಣ್ಣದಲ್ಲಿ ಬ್ಯಾಂಕಿನ ಸಾಲಿನಲ್ಲಿ ನಿಂತರೆ? ಮನುಷ್ಯ ಅವನೇ, ಬಣ್ಣವೂ ಅದೇ. ದಿನ ಬದಲಾಯಿತು, ಜಾಗ ಬದಲಾಯಿತು. ಕೊಪ್ಪಳದ ಹುಲಿಗಿಯಲ್ಲಿ ಅಮ್ಮನ ಗುಡಿ ಮುಂದೆ ಮೈಮೇಲೆ ದೇವಿ ಬಂದು ಕೂಗುವ ಹೆಣ್ಣುಮಕ್ಕಳಿಗೂ ಇದೇ ಮಾತು. ಅಲ್ಲಿ ಸುತ್ತಲಿನ ಜನಕ್ಕೆ ಅದು ಗೊತ್ತಿರುವ ಭಾಷೆ.

ಇನ್ನೊಂದು ಬಗೆ ಇದೆ, ಬರೀ ಎಣಿಕೆಯದು. ಎಡಗೈಯಲ್ಲಿ ಬರೆಯುವವರು ನೂರಕ್ಕೆ ಸುಮಾರು 10 ಜನ. ಎಣಿಕೆಯಲ್ಲಿ ಕಡಿಮೆ. ನಾನು ಶಾಲೆಯಲ್ಲಿದ್ದಾಗ ನಮ್ಮ ತರಗತಿಯ ಒಬ್ಬನಿಗೆ ಎಡಗೈ ಮೇಲೆ ರೂಲುಕಟ್ಟಿಗೆಯಿಂದ ಹೊಡೆದು ಬಲಗೈ ರೂಢಿ ಮಾಡಿಸಿದರು. ಅವನು ಈಗಲೂ ಪೆನ್ನು ಹಿಡಿಯುವುದು ಬಲಗೈಯಲ್ಲಿ, ಕುಡುಗೋಲು ಹಿಡಿಯುವುದು ಎಡಗೈಯಲ್ಲಿ. ಅವನಿಗೆ ಯಾವ ತೊಂದರೆಯೂ ಇರಲಿಲ್ಲ. ಬೇರೆಯವರಿಗಿಂತ ಬೇರೆ ಇದ್ದ, ಅಷ್ಟೇ.

ಹಾಗಾಗಿ ಒಂದೇ ‘ಅಸಹಜ’ದೊಳಗೆ ಮೂರು ಬೇರೆ ಬೇರೆ ಮಾತು ಅಡಗಿರುತ್ತವೆ. ಅಪರೂಪದ್ದು ಅನ್ನುವುದು ಒಂದು. ಇಲ್ಲಿನ ರೂಢಿಗೆ ಹೊಂದದ್ದು ಅನ್ನುವುದು ಇನ್ನೊಂದು. ಆ ವ್ಯಕ್ತಿಗೇ ಸಂಕಟ ಕೊಡುತ್ತಿದೆ, ಅವರ ಬದುಕಿಗೆ ಅಡ್ಡಿಯಾಗುತ್ತಿದೆ ಅನ್ನುವುದು ಮೂರನೆಯದು. ಡಾಕ್ಟರಿಗೆ ಮುಖ್ಯವಾದದ್ದು ಮೂರನೆಯದು. ಊರಿನವರ ಬಾಯಿಗೆ ಮೊದಲು ಬರುವುದು ಮೊದಲ ಎರಡು.

ಹುಚ್ಚು, ಮಳ್ಳ, ಎರ್ರಿ, ಮಸ್ತಾನ್

ಆ ಅಪ್ಪ ‘ಅಸಹಜ’ವನ್ನು ‘ಹುಚ್ಚ’ ಅಂತ ಓದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಆಫೀಸಿನ ಪದ ಕಿವಿಗೆ ಬಿದ್ದರೆ ಮನಸ್ಸು ಅದನ್ನು ಮನೆಯ ಪದಕ್ಕೆ ತಿರುಗಿಸಿಕೊಳ್ಳುತ್ತದೆ. ಆದರೆ ಮನೆಯ ಪದವಾದರೂ ಒಂದೇ ಅರ್ಥದ್ದಾ? ಖಂಡಿತ ಅಲ್ಲ.

‘ಹುಚ್ಚು’ ಎಷ್ಟು ಕಡೆ ಬಳಸುತ್ತೇವೆ ನೋಡಿ. ಕ್ರಿಕೆಟ್ ಹುಚ್ಚು, ಬಯಲಾಟದ ಹುಚ್ಚು ಅಂದರೆ ಅತಿ ಪ್ರೀತಿ. ಹುಚ್ಚು ಮಳೆ ಅಂದರೆ ಹಿಡಿತ ಇಲ್ಲದ್ದು. ಹುಚ್ಚು ನಾಯಿ ಅಂದರೆ ರೇಬಿಸ್ ತಗುಲಿದ ನಾಯಿ, ಅದು ಪೂರ್ತಿ ಬೇರೆಯೇ ಕಾಯಿಲೆ. ನಾವು ರೊಟ್ಟಿ ಜೊತೆ ತಿನ್ನುವ ಗುರೆಳ್ಳು ಚಟ್ನಿಯ ಗುರೆಳ್ಳಿಗೆ ಬೆಂಗಳೂರು, ಮೈಸೂರು ಕಡೆಯವರು ‘ಹುಚ್ಚೆಳ್ಳು’ ಅಂತಾರೆ. “ಏ ಹುಚ್ಚಿ, ಅಳಬ್ಯಾಡ” ಅಂತ ತಾಯಿ ಮಗಳ ತಲೆ ಸವರಿದರೆ ಅದು ಬರೀ ಮುದ್ದು. ಹುಟ್ಟಿದ ಮಕ್ಕಳು ಉಳಿಯದೆ ಹೋದ ಮನೆಗಳಲ್ಲಿ ದೃಷ್ಟಿ ತಾಗದಿರಲಿ ಅಂತ ತಿಪ್ಪಣ್ಣ, ಹುಚ್ಚಪ್ಪ, ಹುಚ್ಚಮ್ಮ ಅಂತ ಹೆಸರಿಡುವ ರೂಢಿ ಇತ್ತು.

ನಮ್ಮ ಭಾಗದಲ್ಲಿ ‘ಮಳ್ಳ’ ಅನ್ನುವ ಮಾತು ಇದೆ. ಏನೂ ತಿಳಿಯದ ಮುಗ್ಧ ಅಂತ. “ಮಳ್ಳನಂಗ ನಿಂತಾನ” ಅಂತೀವಿ. ಇದು ಹಳೆಯ ‘ಮರುಳ’ನ ಮನೆತನದ್ದೇ. ಅದೇ ಮರುಳು ‘ಜನ ಮರುಳೋ ಜಾತ್ರೆ ಮರುಳೋ’ ಗಾದೆಯಲ್ಲೂ ಇದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ನನಗೆ ಬಹಳ ಇಷ್ಟವಾದ ಸಂಗತಿ ಸಿಗುತ್ತದೆ. ನಮ್ಮದು ಮೂರು ಭಾಷೆ ಸೇರುವ ಸೀಮೆ. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಸಂತೆಯಲ್ಲಿ ಕೇಳುತ್ತವೆ. ಈ ಮೂರೂ ಭಾಷೆಗಳಲ್ಲಿ ಬುದ್ಧಿ ತಪ್ಪಿದವನಿಗೆ ಹೇಳುವ ಪದವೇ ದೇವರಂಥ ಮನುಷ್ಯನ ಹೆಸರೂ ಆಗಿದೆ. ಕನ್ನಡದಲ್ಲಿ ಮರುಳಸಿದ್ಧ. ಉಜ್ಜಿನಿಯ ಮರುಳಸಿದ್ಧೇಶ್ವರನಿಗೆ ಈ ಭಾಗದಲ್ಲಿ ಎಷ್ಟು ಮನೆಗಳ ಒಕ್ಕಲು! ಉಜ್ಜಿನಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, 2021ರಲ್ಲಿ ಜಿಲ್ಲೆ ಒಡೆದ ಮೇಲೆ ವಿಜಯನಗರಕ್ಕೆ ಸೇರಿತು. ತೆಲುಗಿನಲ್ಲಿ ‘ಎರ್ರಿ’ ಅಂದರೆ ಹುಚ್ಚು. ಬಳ್ಳಾರಿ ತಾಲೂಕಿನ ಚೆಳ್ಳಗುರ್ಕಿಯಲ್ಲಿ ಜನ ನಡೆದುಕೊಳ್ಳುವುದು ಎರ್ರಿತಾತನಿಗೆ. ಬಳ್ಳಾರಿಯ ಯಾವ ಶಾಲೆಯ ಹಾಜರಿ ತೆಗೆದರೂ ಒಬ್ಬನಾದರೂ ಎರ್ರಿಸ್ವಾಮಿ ಸಿಗುತ್ತಾನೆ. ಉರ್ದುವಿನ ‘ಮಸ್ತಾನ್’ ಪಾರ್ಸಿಯಿಂದ ಬಂದದ್ದು. ಅಮಲೇರಿದವನು, ದೇವರ ಗುಂಗಿನಲ್ಲಿ ಮೈಮರೆತವನು ಅಂತ. ಎಷ್ಟೋ ದರ್ಗಾಗಳಲ್ಲಿ ಮಸ್ತಾನರಿದ್ದಾರೆ, ಎಷ್ಟೋ ಮನೆಗಳಲ್ಲಿ ಮಸ್ತಾನಸಾಬರಿದ್ದಾರೆ.

ಎಲ್ಲರಂತೆ ನಡೆಯದವರನ್ನು ನಮ್ಮ ಹಿರಿಯರು ಕಲ್ಲು ಹೊಡೆದು ಓಡಿಸಿದ್ದೂ ಉಂಟು, ಗದ್ದುಗೆ ಕಟ್ಟಿ ಪೂಜಿಸಿದ್ದೂ ಉಂಟು. ಎರಡಕ್ಕೂ ಬಳಸಿದ್ದು ಒಂದೇ ಪದ. ಅದಕ್ಕೇ ಹೇಳುವುದು, ಈ ಪದಗಳು ನಮಗೆ ನೋಡುವವರ ಮನಸ್ಸನ್ನು ತಿಳಿಸುತ್ತವೆ. ನೋಡಿಸಿಕೊಂಡವರ ಒಳಗೆ ಏನಾಗುತ್ತಿದೆ ಅಂತ ತಿಳಿಸುವುದಿಲ್ಲ.

ಒಂದು ಗಾದೆಯನ್ನು ಮಾತ್ರ ಇಲ್ಲಿ ಎಚ್ಚರಿಕೆಯಿಂದ ಹೇಳಬೇಕು. ‘ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು.’ ನಗೆಮಾತಿಗೆ ಚೆನ್ನಾಗಿದೆ. ಆದರೆ ಇದನ್ನೇ ನಂಬಿ, ಔಷಧ ಬೇಕಾದ ಹುಡುಗ ಹುಡುಗಿಯರಿಗೆ ಮದುವೆ ಮಾಡಿದ ಮನೆಗಳನ್ನು ನಾನು ಕಂಡಿದ್ದೇನೆ. ಮದುವೆಯಿಂದ ಮಾನಸಿಕ ಕಾಯಿಲೆ ವಾಸಿಯಾಗುವುದಿಲ್ಲ. ಇನ್ನೊಂದು ಜೀವ ಏನೂ ಗೊತ್ತಿಲ್ಲದೆ ಅದರೊಳಗೆ ಬಂದು ಬೀಳುತ್ತದೆ.

ಹಾಗಾದರೆ ಕಾಯಿಲೆ ಅನ್ನುವುದು ಯಾವಾಗ?

ಮನೋವೈದ್ಯರ ಹತ್ತಿರ ಹೋದರೆ ಅವರು ‘ಹುಚ್ಚು ಇದೆಯಾ’ ಅಂತ ಕೇಳುವುದಿಲ್ಲ. ಯಾವಾಗಿನಿಂದ ಹೀಗೆ? ಮೊದಲು ಹೇಗಿದ್ದರು? ಮನೆಯಲ್ಲಿ, ಹೊಲದಲ್ಲಿ, ಶಾಲೆಯಲ್ಲಿ ಎಲ್ಲ ಕಡೆಯೂ ಹೀಗೇನಾ? ಊಟ, ನಿದ್ದೆ, ಸ್ನಾನ, ದುಡಿಮೆ ನಡೆಯುತ್ತಿದೆಯಾ? ಇಂಥವನ್ನು ಕೇಳುತ್ತಾರೆ. ಎಲ್ಲಕ್ಕಿಂತ ಬೆಲೆಯುಳ್ಳ ಪ್ರಶ್ನೆ ಮೊದಲನೆಯದು: ಯಾವಾಗಿನಿಂದ?

ಹುಟ್ಟಿನಿಂದಲೋ ಎರಡು ಮೂರು ವರ್ಷದ ಒಳಗೋ ಕಾಣಿಸಿಕೊಂಡದ್ದಾದರೆ ಅದು ಮಿದುಳು ಬೆಳೆದ ರೀತಿಗೆ ಸೇರಿದ್ದಿರಬಹುದು. ಆಟಿಸಂ ಅಂಥದ್ದು, ಕನ್ನಡದಲ್ಲಿ ಸ್ವಲೀನತೆ ಅಂತಾರೆ. ಇಂಥ ಮಕ್ಕಳಿಗೆ ಸದ್ದು, ಬೆಳಕು, ಮುಟ್ಟುವಿಕೆ ನಮಗಿಂತ ಜಾಸ್ತಿ ತಾಗಬಹುದು. ಒಂದೇ ಕೆಲಸ ಮತ್ತೆ ಮತ್ತೆ ಮಾಡುವುದರಲ್ಲಿ ಸಮಾಧಾನ ಸಿಗಬಹುದು. ಅದು ತಾಯಿ ಸರಿಯಾಗಿ ಸಾಕಲಿಲ್ಲ ಅಂತ ಬರುವುದಲ್ಲ. ನನ್ನ ಟೇಬಲ್ ಹತ್ತಿರ ನಿಂತ ಹುಡುಗನಿಗೆ ಅದೇ ಇದೆ ಅಂತ ನಾನು ಹೇಳಲಾರೆ. ಪರೀಕ್ಷೆ ಮಾಡಿ ಹೇಳಬೇಕಾದವರು ಡಾಕ್ಟರು.

ಚೆನ್ನಾಗಿದ್ದವರು ನಿಧಾನಕ್ಕೆ ಬದಲಾದರೆ ಅದು ಬೇರೆ. ಇಪ್ಪತ್ತರ ಆಸುಪಾಸಿನ ಹುಡುಗ, ಕಾಲೇಜಿಗೆ ಹೋಗುತ್ತಿದ್ದವನು, ತಿಂಗಳುಗಳಲ್ಲಿ ಯಾರ ಜೊತೆಯೂ ಮಾತಿಲ್ಲದಂತಾದ. ಸ್ನಾನ ಬಿಟ್ಟ. ಯಾರೂ ಇಲ್ಲದ ಕಡೆ ಮಾತು ಕೇಳಿಸುತ್ತದೆ ಅನ್ನುತ್ತಾನೆ, ಊಟದಲ್ಲಿ ವಿಷ ಹಾಕಿದ್ದಾರೆ ಅನ್ನುತ್ತಾನೆ. ಇದು ಔಷಧಕ್ಕೆ ಬಗ್ಗುವ ಕಾಯಿಲೆಯ ಲಕ್ಷಣ. ಎಷ್ಟು ಬೇಗ ತೋರಿಸಿದರೆ ಅಷ್ಟು ಒಳ್ಳೆಯದು. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ಖಿನ್ನತೆ ಇರಬಹುದು. ಇಂಥವರನ್ನು ಊರಲ್ಲಿ ಯಾರೂ ಹುಚ್ಚರು ಅನ್ನುವುದಿಲ್ಲ. ಸುಮ್ನೆ ಮೂಲೆಯಲ್ಲಿ ಕೂತಿರುತ್ತಾರೆ. ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ದಿಢೀರ್ ಬದಲಾದರೆ? ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಿನ್ನೆ ತನಕ ಸರಿ ಇದ್ದ ಅಜ್ಜ ಇವತ್ತು ಮನೆಯವರ ಗುರುತು ಹಿಡಿಯುತ್ತಿಲ್ಲ, ಏನೇನೋ ಬಡಬಡಿಸುತ್ತಿದ್ದಾರೆ ಅಂದರೆ ಅದು ಹೆಚ್ಚಾಗಿ ದೇಹದ ತೊಂದರೆ. ಜ್ವರ, ಸೋಂಕು, ಸಕ್ಕರೆ ಇಳಿದದ್ದು, ರಕ್ತದಲ್ಲಿ ಉಪ್ಪಿನಂಶ ಕಮ್ಮಿಯಾದದ್ದು, ಪಾರ್ಶ್ವವಾಯು, ಯಾವುದೂ ಇರಬಹುದು. ನಮ್ಮ ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಿಗೆ ಬಿದ್ದವರೂ ಹೀಗೆ ತಡಬಡಿಸುತ್ತಾರೆ. ಹತ್ತಿಗೆ ಔಷಧ ಹೊಡೆದು ಬಂದವರು ವಿಪರೀತ ಬೆವತು, ಜೊಲ್ಲು ಸುರಿಸಿ, ತಬ್ಬಿಬ್ಬಾದರೆ ಅದು ಕೀಟನಾಶಕದ ವಿಷ. ದಿನಾ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟರೆ ಎರಡು ಮೂರನೇ ದಿನ ಕೈ ನಡುಗಿ, ಇಲ್ಲದ್ದು ಕಂಡು ಕಿರುಚಬಹುದು. ಇದ್ಯಾವುದಕ್ಕೂ ‘ಗಾಳಿ ಸೋಕೈತಿ’ ಅಂತ ತಾಯತ ಕಟ್ಟಿಸಿ ರಾತ್ರಿ ಕಳೆಯುವಷ್ಟು ಸಮಯ ಇರುವುದಿಲ್ಲ. 108ಕ್ಕೆ ಫೋನ್ ಮಾಡಬೇಕು.

‘ಅಮಾಸಿಗೊಮ್ಮೆ ಹುಣ್ಣಿಮಿಗೊಮ್ಮೆ ಏರುತ್ತದೆ’ ಅನ್ನುವ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ. ಇಂಗ್ಲಿಷಿನಲ್ಲಿ ಹುಚ್ಚನಿಗೆ ಹೇಳುತ್ತಿದ್ದ ‘ಲೂನಾಟಿಕ್’ ಪದವೂ ಲ್ಯಾಟಿನ್ನಿನ ಚಂದ್ರನ ಹೆಸರಿನಿಂದಲೇ ಬಂದದ್ದು.

ಕಾನೂನು ಏನು ಹೇಳುತ್ತದೆ

ಆ ಲೂನಾಟಿಕ್ ಪದ ನಮ್ಮ ಕಾನೂನಿನೊಳಗೂ ಇತ್ತು. 1912ರಲ್ಲಿ ಬ್ರಿಟಿಷರು ಮಾಡಿದ ಕಾಯ್ದೆಯ ಹೆಸರೇ ಇಂಡಿಯನ್ ಲೂನಸಿ ಆಕ್ಟ್. 1987ರ ಕಾಯ್ದೆಯಲ್ಲಿ ಆ ಪದ ಹೋಗಿ ‘ಮಾನಸಿಕ ಅಸ್ವಸ್ಥ ವ್ಯಕ್ತಿ’ ಅಂತ ಬಂತು. ಈಗಿರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. 2018ರಲ್ಲಿ ಜಾರಿಗೆ ಬಂತು.

ಈ ಕಾಯ್ದೆಯ 3ನೇ ಸೆಕ್ಷನ್ ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು. ಅದರ ಸಾರ ಇದು: ಒಬ್ಬರು ತಮ್ಮ ಸಮಾಜದ ನೀತಿ, ಸಂಸ್ಕೃತಿ, ಕೆಲಸ, ರಾಜಕೀಯ ಅಥವಾ ಧರ್ಮದ ನಂಬಿಕೆಗೆ ಹೊಂದಿಕೊಳ್ಳಲಿಲ್ಲ ಅನ್ನುವ ಕಾರಣಕ್ಕೆ ಅವರಿಗೆ ಮಾನಸಿಕ ಕಾಯಿಲೆ ಇದೆ ಅಂತ ತೀರ್ಮಾನಿಸುವಂತಿಲ್ಲ. ಬೇರೆ ಜಾತಿಯವರನ್ನು ಮದುವೆಯಾಗುತ್ತೇನೆ ಅಂದ ಮಗಳನ್ನು, ಮದುವೆಯೇ ಬೇಡ ಅಂದ ಮಗನನ್ನು, ಅಷ್ಟಕ್ಕೇ ‘ತಲೆ ಕೆಟ್ಟಿದೆ’ ಅಂತ ಆಸ್ಪತ್ರೆಗೆ ಸೇರಿಸಲಾಗದು. ಒಮ್ಮೆ ಚಿಕಿತ್ಸೆ ಪಡೆದಿದ್ದರು ಅನ್ನುವ ಒಂದೇ ಕಾರಣಕ್ಕೆ ಈಗಲೂ ಕಾಯಿಲೆ ಇದೆ ಅನ್ನುವಂತೆಯೂ ಇಲ್ಲ. ಜ್ವರ ಬಂದು ಹೋದವರನ್ನು ಜೀವನಪೂರ್ತಿ ‘ಜ್ವರದವರು’ ಅನ್ನುತ್ತೇವಾ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಮತ್ತು ಮಾನಸಿಕ ಕಾಯಿಲೆ ಎರಡೂ ಇವೆ, ಬೇರೆ ಬೇರೆಯಾಗಿ. ಕಾರ್ಡಿನ ಅರ್ಜಿ ತುಂಬುವಾಗ ಎರಡನ್ನೂ ಒಂದೇ ಅಂದುಕೊಂಡು ಬರುವವರು ಬಹಳ ಜನ.

ಬಳ್ಳಾರಿ ದೇಶಕ್ಕೆ ತೋರಿಸಿದ್ದು

ನಮ್ಮ ಭಾಗದವರಿಗೇ ಗೊತ್ತಿಲ್ಲದ ಒಂದು ಸಂಗತಿ ಇದೆ. ಮಾನಸಿಕ ಕಾಯಿಲೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕು ಅನ್ನುವ ಕಾಲದಲ್ಲಿ, 1985ರಲ್ಲಿ, ನಿಮ್ಹಾನ್ಸ್‌ನವರೇ ಬಳ್ಳಾರಿಗೆ ಬಂದರು. ಆಗ ಈಗಿನ ವಿಜಯನಗರ ಜಿಲ್ಲೆಯೂ ಬಳ್ಳಾರಿಯೊಳಗೇ ಇತ್ತು. ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸಲು ಕಲಿಸಿದರು. ಮುಖ್ಯವಾದ ಕೆಲವು ಔಷಧಗಳು ಅಲ್ಲೇ ಸಿಗುವಂತೆ ಮಾಡಿದರು. ಜ್ವರ, ಕೆಮ್ಮಿಗೆ ತೋರಿಸುವ ಜಾಗದಲ್ಲೇ ಇದಕ್ಕೂ ತೋರಿಸಬಹುದು ಅಂತ ಅಲ್ಲಿ ಸಾಬೀತಾಯಿತು. ‘ಬಳ್ಳಾರಿ ಮಾದರಿ’ ಅಂತಲೇ ಅದಕ್ಕೆ ಹೆಸರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಇದೇ ಮಾದರಿಯಲ್ಲಿ.

ಈಗ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ಯಾವ ವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ಹೋಗಿ. ಫೋನಿನಲ್ಲೇ ಮಾತಾಡಬೇಕಂದರೆ 14416, ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ. ಮಕ್ಕಳ ಬೆಳವಣಿಗೆಯ ಬಗ್ಗೆ ಅನುಮಾನ ಇದ್ದರೆ ಅಂಗನವಾಡಿ, ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಬಹುದು. ಹುಟ್ಟಿದ ಕೂಸಿನಿಂದ 18 ವರ್ಷದವರೆಗೆ ಅವರು ನೋಡುತ್ತಾರೆ.

ಚೀಟಿಯಲ್ಲಿ ಏನು ಬರೆಯಬಹುದಿತ್ತು

ಶಾಲೆಯವರು ಕೆಟ್ಟ ಮನಸ್ಸಿನಿಂದ ಬರೆದಿರಲಿಕ್ಕಿಲ್ಲ. ಆದರೆ ‘ಅಸಹಜ’ ಅನ್ನುವುದರ ಬದಲು ಕಂಡದ್ದನ್ನು ಕಂಡ ಹಾಗೆ ಬರೆದಿದ್ದರೆ ಆ ಮನೆಯಲ್ಲಿ ಮೂರು ದಿನ ಒಲೆ ಆರುತ್ತಿರಲಿಲ್ಲ. ಡಾಕ್ಟರಿಗೂ ಉಪಯೋಗವಾಗುತ್ತಿತ್ತು. ‘ಹುಚ್ಚುಚ್ಚಾಗಿ ಆಡ್ತಾನೆ’ ಅಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ‘ರಾತ್ರಿ ಎರಡು ತಾಸೂ ಮಲಗಲ್ಲ, ಹದಿನೈದು ದಿನದಿಂದ ಹೀಗೆ’ ಅಂದರೆ ಎಷ್ಟೋ ತಿಳಿಯುತ್ತದೆ.

ಹಾಗಾಗಿ ನಾವಿಬ್ಬರೂ ಕೂತು ಡಾಕ್ಟರಿಗೆ ಕೊಡಲು ಒಂದು ಹಾಳೆ ಬರೆದೆವು. ಅಪ್ಪ ಹೇಳುತ್ತಾ ಹೋದರು, ನಾನು ಅವರ ಮಾತಲ್ಲೇ ಬರೆದುಕೊಂಡೆ. ಶಾಲೆಯ ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಹೋಗುತ್ತಾನೆ. ಮೂರು ವರ್ಷದ ತನಕ ಮಾತು ಬರಲಿಲ್ಲ. ಕರೆದರೆ ತಿರುಗಿ ನೋಡುವುದು ಕಡಿಮೆ. ಅನ್ನದ ಮೇಲೆ ಸಾರು ಹಾಕಿದರೆ ಮುಟ್ಟುವುದಿಲ್ಲ, ಬೇರೆ ಬೇರೆ ಇಡಬೇಕು. ಬೇರೆ ಹುಡುಗರಿಗೆ ಹೊಡೆಯುವುದಿಲ್ಲ, ಆದರೆ ಅವರ ಜೊತೆ ಆಟಕ್ಕೂ ಹೋಗುವುದಿಲ್ಲ. ಲೆಕ್ಕ ಬಿಡಿಸುತ್ತಾನೆ, ಗಟ್ಟಿಯಾಗಿ ಓದು ಅಂದರೆ ಓದುವುದಿಲ್ಲ.

ಇಷ್ಟಾದ ಮೇಲೆ ಹಾಳೆ ಮಡಚಿ ಕೊಡಲು ಹೋದೆ. ಅಪ್ಪ ಕೈ ಅಡ್ಡ ಹಿಡಿದರು. “ಇನ್ನೊಂದ್ ಐತ್ರಿ. ಸಪ್ಪಳ ಕೇಳೇ ಯಾರ ಮನಿ ಟ್ರ್ಯಾಕ್ಟರ್ ಅಂತ ಹೇಳ್ತಾನ. ಒಂದ್ ದಿನಾನೂ ತಪ್ಪಿಲ್ರಿ. ಅದನ್ನೂ ಬರೀರಿ.”

ಹುಡುಗ ಮುಚ್ಚಳಗಳನ್ನು ಎಣಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅದನ್ನೂ ಬರೆದೆ.